ಚಾಲಕನಿಲ್ಲದ ಕಾರಿಗೆ ಕಾವಲು ಯಾರು?

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



1920ರಲ್ಲಿ ಜಿ.ಡಿ. ನಾಯ್ಡು ಅವರು ಪೊಳ್ಳಾಚಿಯಿಂದ ಪಳನಿಗೆ ತಮ್ಮ ಬಸ್ಸನ್ನು ತಾವೇ ಓಡಿಸಿದರು. ಅಂದು ಬಸ್ಸು ಹತ್ತಿದವರು ಚಾಲಕನ ಮುಖ ನೋಡಿ ನಂಬಿದರು. ಇಂದು ಅಮೆರಿಕದ ಕೆಲವು ನಗರಗಳಲ್ಲಿ ಚಾಲಕನಿಲ್ಲದ ಕಾರುಗಳು ಜನರನ್ನು ಒಯ್ಯುತ್ತಿವೆ. ಬೆಂಗಳೂರಿನ ಮೈನಸ್ ಜೀರೋ ಸಂಸ್ಥೆಯು 2023ರಲ್ಲಿ ಅಂಥದೊಂದು ಮಾದರಿಯನ್ನು ತೋರಿಸಿತು. ಇನ್ನು ನಾವು ಯಾರ ಮುಖ ನೋಡಿ ನಂಬಬೇಕು?

ನೇಕಾರರ ಮನೆಯ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ರಟ್ಟುಗಳೇ ಸೀರೆಯ ಹೂವನ್ನು ನಿರ್ಧರಿಸುತ್ತವೆ. ರಾತ್ರಿ ಯಾರಾದರೂ ಒಂದು ರಟ್ಟನ್ನು ಬದಲಿಸಿದರೆ ಮಗ್ಗಕ್ಕೆ ತಿಳಿಯದು. ತಪ್ಪು ಹೂವನ್ನೇ ನಿಷ್ಠೆಯಿಂದ ನೇಯುತ್ತದೆ. ಅದನ್ನು ಹಿಡಿಯುವುದು ನೇಕಾರನ ಕಣ್ಣು. ಕಾರಿನೊಳಗಿನ ಗಣಕವೂ ಕೊಟ್ಟ ಆಜ್ಞೆಯನ್ನು ಪಾಲಿಸುವುದೇ ಹೊರತು, ಕೊಟ್ಟವರ ಮನಸ್ಸನ್ನು ಅರಿಯದು.

2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಾಸೆಕ್ ಎಂಬ ಸಂಶೋಧಕರು ದೂರದಲ್ಲಿ ಕುಳಿತೇ, ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪಿನ ವೇಗವನ್ನು ಕುಂದಿಸಿ ತೋರಿಸಿದರು. ಅವರು ಒಳಹೊಕ್ಕದ್ದು ಹಾಡು ಕೇಳುವ, ಇಂಟರ್ನೆಟ್ ಸಂಪರ್ಕವಿದ್ದ ಉಪಕರಣದ ಮೂಲಕ. ತಯಾರಕರು 14 ಲಕ್ಷ ವಾಹನಗಳನ್ನು ದುರಸ್ತಿಗೆ ಕರೆಯಬೇಕಾಯಿತು. 2020ರಲ್ಲಿ ಮ್ಯಾಕ್‌ಅಫೀ ಸಂಸ್ಥೆಯ ಸಂಶೋಧಕರು ವೇಗಮಿತಿ ಫಲಕದ ಮೇಲೆ ಒಂದು ತುಂಡು ಕಪ್ಪು ಟೇಪು ಅಂಟಿಸಿದರು. ಕಾರಿನ ಕ್ಯಾಮೆರಾ 35 ಎಂಬುದನ್ನು 85 ಎಂದು ಓದಿ, ವೇಗ ಹೆಚ್ಚಿಸತೊಡಗಿತು.

ನಮ್ಮ ಶಾಲೆಯ ಮುಂದಿನ ಫಲಕವನ್ನು ಎಷ್ಟೋ ಬಾರಿ ಭಿತ್ತಿಪತ್ರಗಳು ಮುಚ್ಚಿವೆ. ಆದರೂ ಮಕ್ಕಳನ್ನು ಕಂಡ ಚಾಲಕರು ತಾವಾಗಿಯೇ ನಿಧಾನಿಸುತ್ತಾರೆ. ಆ ಕರುಣೆಯ ಸ್ಥಾನದಲ್ಲಿ ಯಂತ್ರ ಕೂರುವುದಾದರೆ, ಅದಕ್ಕೆ ಭದ್ರವಾದ ಕಾವಲು ಇರಲೇಬೇಕು. ಈ ಕಾವಲಿಗಾಗಿ ವಿಶ್ವಸಂಸ್ಥೆಯ ವೇದಿಕೆಯಲ್ಲಿ ರೂಪುಗೊಂಡ ನಿಯಮವೊಂದು 2021ರಲ್ಲಿ ಜಾರಿಗೆ ಬಂದಿದೆ. ನಿಯಮವಿದ್ದರೆ ಸಾಲದು, ಅದನ್ನು ಪಾಲಿಸುವ ಮನುಷ್ಯರು ಬೇಕು.

ಜೀಪಿನ ಬೀಗ ತೆರೆದ ಆ ಇಬ್ಬರೂ ಅದಕ್ಕೆ ಮುನ್ನವೇ ತಯಾರಕರಿಗೆ ದೋಷವನ್ನು ತಿಳಿಸಿದ್ದರು. ಬೀಗ ಮುರಿಯಬಲ್ಲ ಜಾಣ್ಮೆ ಕಳ್ಳನಿಗೂ ಇದೆ, ಕಾವಲುಗಾರನಿಗೂ ಇದೆ. ಅವರನ್ನು ಬೇರ್ಪಡಿಸುವುದು ಪ್ರಾಮಾಣಿಕತೆ ಒಂದೇ. ಕೊಯಮತ್ತೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳೇ, ವರ್ಷಕ್ಕೊಮ್ಮೆ ಬಂದು ಈ ಮಕ್ಕಳಿಗೆ ನಿಮ್ಮ ವಿದ್ಯೆಯನ್ನು ಕನ್ನಡದಲ್ಲಿಯೇ ಹೇಳಿಕೊಡಿ. ಪ್ರಾಮಾಣಿಕತೆಯ ಪಾಠವನ್ನು ನಾವು ನೋಡಿಕೊಳ್ಳುತ್ತೇವೆ.