ಬೋರ್ಡು ಓದಿ ಇಳಿಯೋಣ



ಹುಣ್ಣಿಮೆ ಬಂತಂದ್ರ ನಾವು ನಿಂಬರ್ಗಾದ ಹೆಣ್ಮಕ್ಕಳು ಗಾಣಗಾಪುರಕ್ಕೆ ಹೊರಡುತ್ತೇವೆ. ಭೀಮಾ, ಅಮರ್ಜಾ ಕೂಡುವ ಸಂಗಮದಲ್ಲಿ ಜಳಕ ಮಾಡುತ್ತೇವೆ. ದತ್ತನ ದರ್ಶನ ಮಾಡುತ್ತೇವೆ.

ಒಮ್ಮೆ ಕಲಬುರಗಿಯಿಂದ ರೈಲಿನಲ್ಲಿ ಹೊರಟೆವು. "ಗಾಣಗಾಪುರ ಬಂತು" ಅಂತ ಯಾರೋ ಅಂದರು. ಇಳಿದೆವು. ಗುಡಿ ಎಲ್ಲದ? ಅದು ಗಾಣಗಾಪುರ ರೋಡ್ ಸ್ಟೇಷನ್. ಗುಡಿ ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರ. ಕತ್ತಲಾಗಿತ್ತು. ಬಸ್ಸು ಇರಲಿಲ್ಲ. ಕೂಸುಗಳನ್ನು ತೊಡೆ ಮೇಲೆ ಹಾಕಿಕೊಂಡು ರಾತ್ರಿಯೆಲ್ಲಾ ಅಲ್ಲೇ ಕೂತೆವು. ಬೋರ್ಡಿನ ಮೇಲೆ 'ರೋಡ್' ಅಂತ ಬರೆದಿತ್ತು. ಆಗ ನಮಗೆ ಓದಲು ಬರುತ್ತಿರಲಿಲ್ಲ. ಈಗ ಬರ್ತದಲ್ಲ!

ಬೋರ್ಡು ನಾವೇ ಓದೋಣ. ಕೊನೆಯ ಬಸ್ಸು ಎಷ್ಟಕ್ಕೆ ಅಂತ ಮೊದಲೇ ಕೇಳೋಣ. 2023ರ ಜೂನ್‌ನಿಂದ ರಾಜ್ಯದ ಒಳಗೆ ಸಾದಾ ಸರಕಾರಿ ಬಸ್ಸಿನಲ್ಲಿ ನಮಗೆ ರೊಕ್ಕ ಇಲ್ಲ. ಆದರೂ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತಗೋಬೇಕು. ಅಕ್ಕಲಕೋಟೆಗೆ ಹೋದರೆ ಮಾತ್ರ ರೊಕ್ಕ ಕೊಡಬೇಕು. ಅದು ಮಹಾರಾಷ್ಟ್ರ.

ಹೊಳೆಯ ನೀರು ಕುಡಿಯುವುದು ಬೇಡ. ಕಾಸಿ ಆರಿಸಿದ ನೀರು ಒಯ್ಯೋಣ. ಕೂಸಿಗೆ ಭೇದಿ ಹತ್ತಿದರೆ ಅಂಥ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸೋಣ. ದವಾಖಾನೆಗೂ ತೋರಿಸೋಣ.

ಗದ್ದಲದಲ್ಲಿ ಮಕ್ಕಳು ಕೈ ತಪ್ಪಿದರೆ? 112ಕ್ಕೆ ಫೋನ್ ಹಚ್ಚೋಣ. ಹೊರಡುವ ಮೊದಲೇ ಹೆಸರು, ಊರು, ಫೋನ್ ನಂಬರ್ ಬರೆದು ಅವರ ಕಿಸೆಯಲ್ಲಿ ಇಡೋಣ. ಆ ಚೀಟಿ ಬೇರೆಯವರ ಕೈಲಿ ಬರೆಸುವುದು ಯಾಕೆ? ಪಾಟಿ ತಗೋರಿ. ಮೊದಲು ಊರಿನ ಹೆಸರು ಬರೀರಿ: ನಿಂಬರ್ಗಾ.