ಕೊಂದ ಕೈಗೆ ಕಟ್ಟಿದ ರಾಖಿ

2002ರ ರಕ್ಷಾಬಂಧನದ ಹೊತ್ತು. ಇಂದೋರಿನ ಜೈಲಿನಲ್ಲಿ ಕನ್ಯಾಸ್ತ್ರೀಯೊಬ್ಬರು ಜೀವಾವಧಿ ಶಿಕ್ಷೆಯ ಕೈದಿಯೊಬ್ಬನಿಗೆ ರಾಖಿ ಕಟ್ಟಿದರು. ಕೈದಿಯ ಹೆಸರು ಸಮುಂದರ್ ಸಿಂಗ್. ಕಟ್ಟಿದವರು ಸಿಸ್ಟರ್ ಸೆಲ್ಮಿ ಪಾಲ್. ಏಳು ವರ್ಷಗಳ ಹಿಂದೆ ಆತ ಇರಿದು ಕೊಂದದ್ದು ಅವರ ಒಡಹುಟ್ಟಿದ ಅಕ್ಕನನ್ನು.

ಆ ಅಕ್ಕ ಸಿಸ್ಟರ್ ರಾಣಿ ಮರಿಯಾ. ಕೇರಳದ ಪುಲ್ಲುವಳಿಯಲ್ಲಿ ಹುಟ್ಟಿ, ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆ ಸೇರಿ, ಮಧ್ಯಪ್ರದೇಶದ ಉದಯನಗರದ ಆದಿವಾಸಿಗಳ ನಡುವೆ ದುಡಿದವರು. ಸಾಲದಲ್ಲಿ ಮುಳುಗಿದ್ದ ಬಡ ರೈತರನ್ನು ಒಗ್ಗೂಡಿಸಿದರು, ಉಳಿತಾಯ ಕಲಿಸಿದರು, ಬಡ್ಡಿ ಸಾಹುಕಾರರ ಹಿಡಿತದಿಂದ ಬಿಡಿಸತೊಡಗಿದರು. ಉಳ್ಳವರಿಗೆ ಇದು ಸಹನೆಯಾಗಲಿಲ್ಲ. 1995ರ ಫೆಬ್ರುವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ, ಸಹಪ್ರಯಾಣಿಕರ ಕಣ್ಣೆದುರೇ, ಸಮುಂದರ್ ಅವರನ್ನು ಇರಿದ. ಮೈಮೇಲೆ 50ಕ್ಕೂ ಹೆಚ್ಚು ಗಾಯಗಳಿದ್ದವು. ಅವರಿಗೆ ಆಗ 41 ವರ್ಷ.

ಜೈಲಿನಲ್ಲಿ ಆತ ಪಶ್ಚಾತ್ತಾಪದಿಂದ ಕರಗುತ್ತಾ ಕೂತಿರಲಿಲ್ಲ. ಹೆಂಡತಿ ಬಿಟ್ಟುಹೋಗಿದ್ದಳು. ಹೊರಗೆ ಬಂದ ದಿನ ತನ್ನನ್ನು ಈ ಕೃತ್ಯಕ್ಕೆ ಛೂಬಿಟ್ಟವನನ್ನು ಮುಗಿಸಬೇಕೆಂಬ ಒಂದೇ ಯೋಚನೆಯಿತ್ತು. ಸ್ವಾಮಿ ಸದಾನಂದ ಎಂದು ಹೆಸರಾಗಿದ್ದ ಕಥೋಲಿಕ ಗುರುಗಳೊಬ್ಬರು ಆತನನ್ನು ಹುಡುಕಿಕೊಂಡು ಹೋದರು. ಆಮೇಲೆ ರಾಣಿ ಮರಿಯಾ ಅವರ ತಂಗಿ ಸೆಲ್ಮಿ ಹೋದರು. ತಾಯಿ ಎಲೀಶ್ವಾ ಆತನ ಕೈಗಳಿಗೆ ಮುತ್ತಿಟ್ಟರು, ತನ್ನ ಮಗಳ ರಕ್ತ ಹರಿದ ಕೈಗಳೆಂದು. ಆತನ ಬಿಡುಗಡೆಗೆ ಆ ಕುಟುಂಬವೇ ಕೋರಿಕೆ ಸಲ್ಲಿಸಿತು. 2006ರಲ್ಲಿ ಆತ ಹೊರಬಂದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ ಎಂದು ಘೋಷಿಸಿದಾಗ, ಆ ಜನಸ್ತೋಮದಲ್ಲಿ ಸಮುಂದರ್ ಸಿಂಗ್ ಕೂಡ ಇದ್ದ.

ಯುವ ಗೆಳೆಯರೇ, ರಕ್ಷಣೆ, ವಿಮೋಚನೆ, ಜೀವೋದ್ಧಾರ ಎಂಬ ಮಾತುಗಳನ್ನು ನೀವು ಧರ್ಮೋಪದೇಶ ತರಗತಿಯಿಂದಲೂ ಕೇಳುತ್ತಾ ಬಂದಿದ್ದೀರಿ. ಬಲಿಪೂಜೆಯಲ್ಲಿ ಅವು ಕಿವಿಗೆ ಬಿದ್ದು ಹಾಗೇ ಹಾದುಹೋಗುತ್ತವೆ. ಸತ್ತ ಮೇಲೆ ನೋಡಿಕೊಳ್ಳಬೇಕಾದ ಸಂಗತಿ ಅವು ಎಂದು ಯಾರಾದರೂ ನಿಮಗೆ ಹೇಳಿದ್ದರೆ ನಂಬಬೇಡಿ. ಜೈಲಿನಲ್ಲಿ ಆದದ್ದೇ ಉದ್ಧಾರ. ಅದಕ್ಕೆ ಹೆಸರಿತ್ತು, ಮುಖವಿತ್ತು, ಅದು ನಡೆದ ವರ್ಷವೂ ನಮಗೆ ಗೊತ್ತು.

ಅದರಲ್ಲಿ ಮೊದಲು ಹೊರಟವರು ಯಾರು, ಗಮನಿಸಿ. ಕೊಂದವನು ಕ್ಷಮೆ ಕೇಳಿಕೊಂಡು ಬರುವವರೆಗೆ ಅವರು ಕಾಯಲಿಲ್ಲ. ನೊಂದವರೇ ಜೈಲಿಗೆ ನಡೆದುಹೋದರು. ಧರ್ಮಸಭೆ ದೇವರ ಬಗ್ಗೆ ಹೇಳುವುದೂ ಇದನ್ನೇ. 1547ರಲ್ಲಿ ಟ್ರೆಂಟ್ ಮಹಾಸಭೆ ನೀತೀಕರಣದ, ಅಂದರೆ ದೇವರು ಪಾಪಿಯನ್ನು ನೀತಿವಂತನಾಗಿಸುವುದರ, ಬಗ್ಗೆ ಬೋಧಿಸುತ್ತಾ ಎರಡು ಮಾತನ್ನು ಒಟ್ಟಿಗೆ ಹಿಡಿಯಿತು. ಮೊದಲ ಹೆಜ್ಜೆ ದೇವರ ವರಪ್ರಸಾದದ್ದು, ಅದನ್ನು ಯಾರೂ ದುಡಿದು ಗಳಿಸಲಾರರು. ಆದರೆ ಆ ಕೃಪೆಗೆ ಒಪ್ಪಿ ಎದ್ದು ನಡೆಯಬೇಕಾದವನು ಮನುಷ್ಯನೇ. ಅದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಸಂತ ಅಗಸ್ಟೀನರು, ನಮ್ಮನ್ನು ಕೇಳದೆ ಸೃಷ್ಟಿಸಿದ ದೇವರು ನಮ್ಮ ಒಪ್ಪಿಗೆಯಿಲ್ಲದೆ ಉದ್ಧರಿಸುವುದಿಲ್ಲ ಎಂದು ಬೋಧಿಸಿದ್ದರು. ಸಮುಂದರ್ ಆ ದಿನ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಆತನ ಪಾಲಿನದು ಅಷ್ಟೇ, ಆದರೆ ಅದನ್ನು ಆತನ ಪರವಾಗಿ ಬೇರೆ ಯಾರಿಂದಲೂ ಮಾಡಲಾಗುತ್ತಿರಲಿಲ್ಲ.

ನಿಮ್ಮಲ್ಲಿ ಕೆಲವರು ಒಳಗೊಳಗೇ ನಾನು ಕೈಮೀರಿ ಹೋದವನು, ಕೈಮೀರಿ ಹೋದವಳು ಎಂದು ತೀರ್ಮಾನಿಸಿಕೊಂಡಿದ್ದೀರಿ. ಫೋನಿನಲ್ಲಿ ನೋಡಿದ್ದು, ಮನೆಯಲ್ಲಿ ಕದ್ದದ್ದು, ಕುಡಿತ, ಒಬ್ಬಳಿಗೆ ಕೊಟ್ಟ ಮಾತು ಮುರಿದದ್ದು. ಹಬ್ಬಕ್ಕೆ ಚರ್ಚಿಗೆ ಬಂದರೂ ಹಿಂದಿನ ಬೆಂಚಿನಲ್ಲಿ ಕೂತು, ಪರಮಪ್ರಸಾದದ ಹೊತ್ತಿಗೆ ಜಾಗ ಬಿಟ್ಟು ಏಳುವುದಿಲ್ಲ. ಆದರೆ ಯೇಸುವಿನ ಪಕ್ಕದ ಶಿಲುಬೆಯ ಮೇಲಿನ ಕಳ್ಳ ತನ್ನ ಕೊನೆಯ ಗಂಟೆಗಳಲ್ಲಿ ಬಾಯಿಬಿಟ್ಟು ಕೇಳಿದ. ಅದೇ ದಿನ ಅವನಿಗೆ ಪರಂಧಾಮದ ಮಾತು ಸಿಕ್ಕಿತು. ಯೇಸು ಅವನ ಹಳೆಯ ಲೆಕ್ಕ ಕೆದಕಲಿಲ್ಲ. ನಿಮ್ಮ ಪಾಪ ಆತನ ರಕ್ತಕ್ಕಿಂತ ದೊಡ್ಡದೆಂದು ಹೇಳುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ!

ಹಾಗೆಂದು ಕ್ಷಮೆ ಅಗ್ಗದ್ದಲ್ಲ. ಪಾಪನಿವೇದನೆಯಲ್ಲಿ ಮೂರು ಕೆಲಸ ನಮ್ಮದು: ಮನಸಾರೆ ಪಶ್ಚಾತ್ತಾಪಪಡುವುದು, ಬಾಯಿಬಿಟ್ಟು ಹೇಳುವುದು, ಪರಿಹಾರ ಮಾಡುವುದು. ಮೂರನೆಯದನ್ನು ನಾವು ಮೂರು ‘ನಮೋ ಮರಿಯ’ಗಳಲ್ಲಿ ಮುಗಿಸಿಬಿಡುತ್ತೇವೆ. ಜಕ್ಕಾಯ ಹಾಗೆ ಮಾಡಲಿಲ್ಲ. ಯೇಸು ಅವನ ಮನೆಗೆ ಬಂದರು, ಅವನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡಲು, ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸಲು ಎದ್ದುನಿಂತ. ಕದ್ದ ಹಣ ವಾಪಸು ಕೊಡಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬಳ ಹೆಸರು ಕೆಡಿಸಿದ್ದರೆ ಅದೇ ಗುಂಪಿನಲ್ಲಿ ಸುಳ್ಳೆಂದು ಬರೆಯಬೇಕು. ಪಾಪ ತೊಳೆದುಹೋದರೂ ಅದು ಮಾಡಿದ ಹಾನಿ ಇನ್ನೊಬ್ಬರ ಮನೆಯಲ್ಲಿ ಉಳಿದಿರುತ್ತದೆ. ಸಮುಂದರ್ ಕೂಡ ಹನ್ನೊಂದು ವರ್ಷ ಜೈಲಿನಲ್ಲೇ ಕಳೆದ.

ಕ್ಷಮೆಯ ಈ ಬೋಧನೆಯನ್ನು ತಿರುಚಿ ಬಳಸುವವರೂ ಇದ್ದಾರೆ. ದೌರ್ಜನ್ಯಕ್ಕೆ ಒಳಗಾದವರ ಬಾಯಿ ಮುಚ್ಚಿಸಲು ‘ಕ್ಷಮಿಸಿಬಿಡು’ ಎನ್ನುವುದು ಶುಭಸಂದೇಶವಲ್ಲ. ನಿಮಗೆ ಹಾಗಾಗಿದ್ದರೆ ನಂಬಿಕಸ್ಥ ಹಿರಿಯರಿಗೆ ಹೇಳಿ, ಪೊಲೀಸರಿಗೆ ಹೇಳಿ. ನ್ಯಾಯ ಕೇಳಿದ್ದಕ್ಕೆ ದೇವರು ಮುನಿಯುವುದಿಲ್ಲ.

ಈಗ ತಪ್ಪೇ ಮಾಡದವರೆಂದುಕೊಂಡವರಿಗೆ ಒಂದು ಮಾತು. ದುಂದುಗಾರ ಮಗನ ಸಾಮತಿಯಲ್ಲಿ ಹಿರಿಯ ಮಗ ಅಂಗಳದಲ್ಲೇ ನಿಂತುಬಿಡುತ್ತಾನೆ. ಒಳಗೆ ತಮ್ಮನಿಗಾಗಿ ಔತಣ, ಅಪ್ಪನೇ ಹೊರಬಂದು ಕರೆಯುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಯೇಸು ಹೇಳುವುದೇ ಇಲ್ಲ. ಆಸ್ತಿ ಜಗಳದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟ ಚಿಕ್ಕಪ್ಪನ ಮನೆ ನಮ್ಮ ಪ್ರತಿ ಊರಲ್ಲೂ ಇದೆ. ಹಿರಿಯರಿಗೆ ಆಗದ್ದು ನಿಮ್ಮಿಂದ ಆಗಬಹುದು. ಸೆಲ್ಮಿ ಪಾಲ್ ಜೈಲಿಗೆ ಹೋದರು, ನೀವು ಎರಡು ಬೀದಿ ದಾಟಿ ಹೋಗಲಾರಿರಾ?

ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವಿಧಿಸಿತು. ಪಾಸ್ಕ ಬರಲಿ ಎಂದು ಕಾಯಬೇಡಿ. ಈ ವಾರವೇ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಒಂದು ಫೋನ್ ಮಾಡಿ ಸಮಯ ಕೇಳಿ. ಪ್ರಾರ್ಥನೆಯ ಮಾತು ಮರೆತಿದ್ದರೆ ನಾಚಬೇಡಿ. ‘ಫಾದರ್, ಬಹಳ ವರ್ಷವಾಯಿತು, ಹೇಗೆ ಶುರುಮಾಡಬೇಕೋ ಗೊತ್ತಿಲ್ಲ’ ಎಂದರೆ ಸಾಕು, ಮುಂದಿನದನ್ನು ಅವರು ಹೇಳಿಕೊಡುತ್ತಾರೆ. ನೀವು ಹೇಳಿದ್ದನ್ನು ಅವರು ಯಾರ ಮುಂದೆಯೂ, ನ್ಯಾಯಾಲಯದ ಮುಂದೆಯೂ, ಬಾಯಿಬಿಡುವಂತಿಲ್ಲ. ಹೊರಗೆ ಬಂದ ಮೇಲೆ, ಯಾರಿಗೆ ಏನು ಹಿಂದಿರುಗಿಸಬೇಕೋ ಅವರ ಮನೆಗೆ ಅಂದೇ ಹೊರಡಿ.