ಎಲುಬು ಕಂಡಿತು ಅಂತ ಬೆರಳು ತೆಗೆಸಬೇಡ್ರಿ

ನಮ್ಮ ಭಾಲ್ಕಿ, ಔರಾದ್ ಕಡೆ ಸೋಯಾ ರಾಶಿ, ತೊಗರಿ ರಾಶಿ ಶುರುವಾದ್ರೆ ಮಷಿನ್ ಸದ್ದು ನಿಲ್ಲೋದೇ ಇಲ್ಲ. ಮನೆಯಲ್ಲಿ ಕಣಿಕೆ ಕತ್ತರಿಸೋ ಮಷಿನ್ ಬೇರೆ. ಬೆರಳು ಸಿಕ್ಕಿದ್ರೆ ಎಷ್ಟೋ ಸಲ ಎಲುಬು ಉಳಿದಿರ್ತದೆ, ಮೇಲಿನ ಚರ್ಮ, ಮಾಂಸ ಕಿತ್ತು ಹೋಗಿರ್ತದೆ. ಆಗ ಮನೆಯವರು, "ತೆಗೆಸಿಬಿಡೋಣ, ಲಗೂನ ಮಾಯ್ತದೆ" ಅಂತಾರೆ. ಈ ಅವಸರ ಬೇಡ.

ಗಾಯ ಒಂದು ಚದರ ಸೆಂಟಿಮೀಟರಿಗಿಂತ ಸಣ್ಣದಿದ್ದು ಎಲುಬು ಕಾಣದಿದ್ರೆ, ಡ್ರೆಸಿಂಗ್ ಮಾಡ್ತಾ ಹೋದ್ರೆ ಕೆಲವು ವಾರಗಳಲ್ಲಿ ತಾನೇ ತುಂಬ್ತದೆ. ದೊಡ್ಡದಿದ್ರೆ ಬೇರೆ ಕಡೆಯ ತೆಳು ಚರ್ಮ ತೆಗೆದು ಹಚ್ತಾರೆ, ಅದು ಗ್ರಾಫ್ಟ್. ಗ್ರಾಫ್ಟ್‌ಗೆ ತನ್ನ ರಕ್ತನಾಳ ಇರೋದಿಲ್ಲ, ಅದು ಕೆಳಗಿನ ಗಾಯದ ರಕ್ತದಿಂದಲೇ ಬದುಕಬೇಕು. ಬರೀ ಎಲುಬು, ಬರೀ ಸ್ನಾಯುರಜ್ಜು ಅದನ್ನು ಸಾಕಲಾರವು. ಅಲ್ಲಿ ಬೇಕಾಗೋದು ಫ್ಲ್ಯಾಪ್. ಮಲ್ಲಿಗೆ ಟೊಂಗೆಯನ್ನು ತಾಯಿಗಿಡದಿಂದ ಕತ್ತರಿಸದೆ ಮಣ್ಣಿಗೆ ಬಗ್ಗಿಸಿ, ಬೇರು ಬಿಟ್ಟ ಮೇಲೆ ಕತ್ತರಿಸ್ತೀವಲ್ಲ, ಹಾಗೇ ಇದು: ಚರ್ಮ ತನ್ನ ರಕ್ತದ ಸಮೇತ ಬರ್ತದೆ.

ತುದಿ ಮಾತ್ರ ಹೋಗಿದ್ರೆ, ಅದೇ ಬೆರಳಿನ ಚರ್ಮವನ್ನು 'ವಿ' ಆಕಾರದಲ್ಲಿ ಕೊಯ್ದು ಮುಂದಕ್ಕೆ ಸರಿಸ್ತಾರೆ. ಬೆರಳಿನ ಒಳಮೈ ಹೋಗಿದ್ರೆ ಪಕ್ಕದ ಬೆರಳಿನ ಬೆನ್ನಿನ ಚರ್ಮ ಮಗುಚಿ ಹಚ್ಚಿ, ಎರಡೂ ಬೆರಳು ಕೂಡಿಸಿ ಹೊಲೀತಾರೆ. ಎರಡು-ಮೂರು ವಾರಕ್ಕೆ ಬಿಡಿಸ್ತಾರೆ. ಇನ್ನೂ ದೊಡ್ಡ ಗಾಯಕ್ಕೆ ತೊಡೆಸಂದಿಯ ಚರ್ಮ. ಮ್ಯಾಕ್‌ಗ್ರೆಗರ್, ಜಾಕ್ಸನ್ ಅನ್ನೋ ಸರ್ಜನ್‌ಗಳು 1972ರಲ್ಲಿ ವಿವರಿಸಿದ ವಿಧಾನ ಅದು. ಸುಮಾರು ಮೂರು ವಾರ ಕೈ ಅಲ್ಲೇ ಅಂಟಿಕೊಂಡಿರ್ತದೆ. ನೋಡಿದವರು ಹೆದರ್ತಾರೆ, ಆದರೆ ಅದೇ ಚಿಕಿತ್ಸೆ.

ಫ್ಲ್ಯಾಪ್ ನಮ್ಮ ನೆಲದ ಹಳೆ ವಿದ್ಯೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಸೆರೆಸಿಕ್ಕು ಮೂಗು, ಒಂದು ಕೈ ಕಳೆದುಕೊಂಡ. ಪುಣೆ ಕಡೆಯ ವೈದ್ಯನೊಬ್ಬ ಹಣೆಯ ಚರ್ಮ ತಿರುಗಿಸಿ ಅವನಿಗೆ ಮೂಗು ಕಟ್ಟಿಕೊಟ್ಟದ್ದು 1794ರಲ್ಲಿ ಲಂಡನ್ ಪತ್ರಿಕೆಯಲ್ಲಿ ಅಚ್ಚಾಯ್ತು.

ಗಾಯ ಆದ ತಕ್ಷಣ ಉಂಗುರ ತೆಗೀರಿ. ಶುದ್ಧ ನೀರಿನಲ್ಲಿ ತೊಳೆದು, ಸ್ವಚ್ಛ ಬಟ್ಟೆ ಒತ್ತಿ, ಕೈ ಮೇಲೆತ್ತಿ ಹಿಡೀರಿ. ಅರಿಶಿನ, ಕಾಫಿಪುಡಿ, ಸುಣ್ಣ, ತಂಬಾಕು ಏನೂ ಬೇಡ. ಬೆರಳಿನ ಬುಡಕ್ಕೆ ದಾರ ಬಿಗಿಯಬೇಡ್ರಿ. ತುಂಡು ಬಿದ್ದಿದ್ರೆ ಒದ್ದೆ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಲ್ಲಿಡ್ರಿ. ಐಸ್ ನೇರವಾಗಿ ತಾಗಬಾರದು. ಹತ್ತಿರದ ಆಸ್ಪತ್ರೆಯಲ್ಲಿ ತೊಳೆಸಿ, ಟೆಟನಸ್ ಇಂಜೆಕ್ಷನ್ ಹಾಕಿಸಿ. ತುಂಡು ಜೋಡಿಸಬೇಕಾದ್ರೆ ಒಂದೊಂದು ಗಂಟೆಯೂ ಮುಖ್ಯ. ಚರ್ಮವಷ್ಟೇ ಹೋಗಿದ್ರೆ, ಚೆನ್ನಾಗಿ ತೊಳೆದ ಗಾಯಕ್ಕೆ ಒಂದೆರಡು ದಿನ ತಡವಾದ್ರೂ ಫ್ಲ್ಯಾಪ್ ಮಾಡಬಹುದು. ಬೀದರ್, ಕಲಬುರಗಿ, ಹೈದರಾಬಾದ್‌ನಲ್ಲಿ ಪ್ಲಾಸ್ಟಿಕ್ ಸರ್ಜನ್ ಯಾರಿದ್ದಾರೆ ಅಂತ ವಿಚಾರಿಸೋಕೆ ಸಮಯ ಇರ್ತದೆ.

ಫ್ಲ್ಯಾಪ್ ಹಾಕಿಸಿಕೊಂಡವರು ಬೀಡಿ ಬಿಡಲೇಬೇಕು. ನಿಕೋಟಿನ್ ರಕ್ತನಾಳ ಬಿಗೀತದೆ, ಹಚ್ಚಿದ ಚರ್ಮ ಕಪ್ಪಾಗಬಹುದು. ಗುಟ್ಕಾದಲ್ಲೂ ಅದೇ ನಿಕೋಟಿನ್.

ರಕ್ತನಾಳ, ನರ, ಎಲುಬು ಎಲ್ಲವೂ ಜಜ್ಜಿ ಹೋದಾಗ ಕೆಲವೊಮ್ಮೆ ಬೆರಳು ತೆಗೆಯೋದೇ ಸರಿ. ಆದರೆ ಅದರ ಒಪ್ಪಿಗೆ ಕಾಗದಕ್ಕೆ ಸಹಿ ಹಾಕೋ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳ್ರಿ: "ಫ್ಲ್ಯಾಪ್ ಹಾಕಿ ಉಳಿಸೋಕೆ ಬರ್ತದಾ, ಸಾಹೇಬ್ರೆ?"